ಸೊಳ್ಳೆ ಓಡಿಸುವ ಆ್ಯಪ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸದ್ದು ಹೊರಡಿಸಿ ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್‌ನ ಲಿಂಕ್ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ, ದಯವಿಟ್ಟು ಇನ್ನು ಕಳಿಸಬೇಡಿ. ಸುಮ್ನೆ ಬ್ಯಾಟರಿ ದಂಡ. ಸದ್ದು ಮಾಡುವ ಇಂಥ ಸಾಧನಗಳ ಮೇಲೆ ನಡೆದಿದ್ದ 10 ಪ್ರಯೋಗಗಳನ್ನು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಕಡಿತ ಕಡಿಮೆಯಾದ ಗುರುತೇ ಸಿಗಲಿಲ್ಲ.

ಸೊಳ್ಳೆಗೆ ಸದ್ದು ಕೇಳಿಸುತ್ತದೆ, ಅದು ನಿಜ. ಕೇಳಿಸಿಕೊಳ್ಳುವುದು ಮೀಸೆಯಿಂದ! ಗಂಡಿನ ಮೀಸೆ ಗರಿಗರಿಯಾಗಿ ಹರಡಿಕೊಂಡಿರುತ್ತದೆ, ಅದರ ಬುಡದ ಪುಟ್ಟ ಗಂಟಿನಲ್ಲಿ ಸುಮಾರು 15,000 ನರಕೋಶಗಳಿವೆ. ಡೆಂಗಿ ಹರಡುವ ಈಡಿಸ್ ಹೆಣ್ಣಿನ ರೆಕ್ಕೆ ಸೆಕೆಂಡಿಗೆ 400ಕ್ಕೂ ಜಾಸ್ತಿ ಸಲ ಬಡಿಯುತ್ತದೆ, ಆ ಗುಂಯ್ ಕೇಳಿಯೇ ಗಂಡು ಬೆನ್ನು ಹತ್ತುವುದು. ಹತ್ತಿರ ಬಂದ ಮೇಲೆ ಎರಡೂ ರೆಕ್ಕೆಯ ವೇಗ ತಿದ್ದಿಕೊಂಡು ಆ ಗುಂಯ್ ಜೊತೆಗೇ ಹುಟ್ಟುವ ಮೇಲುಸ್ವರದಲ್ಲಿ, ಸುಮಾರು 1200 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 1200 ಕಂಪನ), ಶ್ರುತಿ ಕೂಡಿಸುತ್ತವೆ ಅಂತ 2009ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದರು. ಜುಗಲ್‌ಬಂದಿಯೇ ಅಲ್ವಾ? ಆದರೆ ನಮ್ಮನ್ನು ಕಚ್ಚುವ ಹೆಣ್ಣು ಹುಡುಕಿಕೊಂಡು ಬರುವುದು ಮುಖ್ಯವಾಗಿ ನಮ್ಮ ಉಸಿರು, ಬೆವರಿನ ವಾಸನೆ, ಮೈ ಬಿಸಿ ಹಿಡಿದು.

ಹಾಗಾಗಿ ಆ್ಯಪ್ ನಂಬುವ ಬದಲು ಸೊಳ್ಳೆ ಹುಟ್ಟುವ ನಿಂತ ನೀರನ್ನೇ ತಡೆಯೋಣ. ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿ. ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೆಲ್ಲ ತಿಕ್ಕಿ ತೊಳೆಯಿರಿ.