ಮಗಳಿಗೊಂದು ಪತ್ರ: ಹಾಸ್ಟೆಲ್‌ನಲ್ಲಿ ಜ್ವರ ಬಂದರೆ

ಪ್ರೀತಿಯ ಪುಟ್ಟಿ,

ಹಾಸ್ಟೆಲ್‌ನಲ್ಲಿ ಒಬ್ಬೊಬ್ಬರೇ ಜ್ವರ ಅಂತ ಮಲಗುತ್ತಿದ್ದಾರೆ ಅಂದೆಯಲ್ಲ, ಅದೇ ಯೋಚನೆಯಲ್ಲಿದ್ದೇನೆ. "ನನಗೇನೂ ಆಗಲ್ಲ ಬಿಡಮ್ಮ, ಬಂದರೂ ನಾನು ಕ್ಲಾಸ್ ತಪ್ಪಿಸಲ್ಲ" ಅಂತಲೂ ಹೇಳಿದೆ. ನಿನಗೇನೂ ಆಗದಿರಲಿ. ಆದರೆ ಜ್ವರ ಇಟ್ಟುಕೊಂಡು ಕ್ಲಾಸಿಗೆ ಹೋಗುವ ಮಾತು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಅರ್ಧ ಹೇಳುವುದರೊಳಗೆ ನಿನಗೆ ಬೇರೆ ಕೆಲಸ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಮೊದಲು ಇದು ನೆಗಡಿಯೋ ಫ್ಲೂನೋ ಅನ್ನುವುದು ಗೊತ್ತಾಗಬೇಕು. ನೆಗಡಿ ಮೆಲ್ಲಗೆ ಶುರುವಾಗುತ್ತದೆ. ಮೂಗು ಸೋರುತ್ತದೆ, ಸೀನು ಬರುತ್ತದೆ, ಆದರೂ ಓಡಾಡಿಕೊಂಡಿರಬಹುದು. ಫ್ಲೂ ಬಂದರೆ ಬೆಳಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ ಹಿಡಿದು ಮಲಗುತ್ತಾರೆ. ಜ್ವರ, ತಲೆನೋವು, ಮೈಕೈ ನೋವು, ಒಣ ಕೆಮ್ಮು, ಎದ್ದು ನಿಲ್ಲಲಾಗದಷ್ಟು ಸುಸ್ತು. ಕೆಲವರಿಗೆ ಜ್ವರ ಇಲ್ಲದೆಯೂ ಇರಬಹುದು.

ಇದರಲ್ಲಿ ಕಷ್ಟದ ವಿಷಯ ಒಂದಿದೆ. ವೈರಸ್ ಮೈಗೆ ಸೇರಿದ 1ರಿಂದ 4 ದಿನದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆದರೆ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ಅದು ಇನ್ನೊಬ್ಬರಿಗೆ ಅಂಟಬಲ್ಲದು. ನಿನ್ನ ಪಕ್ಕ ಕೂತು ನಗುತ್ತಾ ಊಟ ಮಾಡಿದ ಗೆಳತಿಗೆ ತಾನೇ ಹರಡುತ್ತಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿ ಕೆಮ್ಮುವವರಿಂದ ದೂರ ಇರುತ್ತೇನೆ ಅಂದುಕೊಂಡರೆ ಸಾಲದು. ಇಬ್ಬರು ಮೂವರು ಮಲಗುವ ರೂಮು, ಒಂದೇ ಸ್ನಾನದ ಮನೆ, ಒಂದೇ ಮೆಸ್. ಹಾಸ್ಟೆಲ್‌ನಲ್ಲಿ ಜ್ವರ ಒಬ್ಬರದಾಗಿ ಉಳಿಯುವುದಿಲ್ಲ.

ಅದಕ್ಕೇ ಲಸಿಕೆ ಹಾಕಿಸಿಕೋ ಅಂತ ಇಷ್ಟು ಒತ್ತಿ ಹೇಳುವುದು. ಹೋದ ವರ್ಷ ಹಾಕಿಸಿಕೊಂಡಿದ್ದೆ ಅಂದರೆ ಆಗುವುದಿಲ್ಲ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಗೋಲಾರ್ಧಕ್ಕೊಮ್ಮೆ ದಕ್ಷಿಣಕ್ಕೊಮ್ಮೆ, ಯಾವ ತಳಿಗಳ ಮೇಲೆ ಲಸಿಕೆ ಮಾಡಬೇಕು ಅಂತ ಹೇಳುತ್ತದೆ. ಹಾಕಿಸಿಕೊಂಡ ಮೇಲೆ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು 2 ವಾರ ಬೇಕು. ಇಂಜೆಕ್ಷನ್ನಿನಿಂದಲೇ ಫ್ಲೂ ಬರುತ್ತೆ ಅಂತ ನಿನ್ನ ಗೆಳತಿಯರು ಹೇಳಬಹುದು. ಬರುವುದಿಲ್ಲ. ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಸ್ವಲ್ಪ ಬಿಸಿಯಾಗಬಹುದು, ಅಷ್ಟೇ. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರುವುದುಂಟು, ಆದರೆ ಜೋರಾಗಿ ಬಂದು ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆಯಾಗುತ್ತದೆ.

ಇದು ವಯಸ್ಸಾದವರ ಕಾಯಿಲೆ ಅನ್ನುವ ನಂಬಿಕೆ ನಿನ್ನ ವಯಸ್ಸಿನವರಲ್ಲಿ ಜಾಸ್ತಿ. 1918ರಲ್ಲಿ ಲೋಕಕ್ಕೆಲ್ಲ ಹರಡಿದ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ 20ರಿಂದ 40ರ ವಯಸ್ಸಿನವರು. 2009ರ ಎಚ್‌1ಎನ್‌1 ಅನ್ನುವ ಫ್ಲೂ ಕೂಡ ವಯಸ್ಸಾದವರಿಗಿಂತ ಮಕ್ಕಳನ್ನೂ ಯುವಕರನ್ನೂ ಹೆಚ್ಚು ಕಾಡಿತು. ವರ್ಷ ವರ್ಷ ಬರುವ ಫ್ಲೂ ಅಷ್ಟು ಕ್ರೂರವಲ್ಲ, ನಿನ್ನ ವಯಸ್ಸಿನ ಬಹಳಷ್ಟು ಜನ ವಾರದಲ್ಲಿ ಎದ್ದು ಓಡಾಡುತ್ತಾರೆ. ಹೆದರಬೇಡ, ಹಗುರವಾಗಿ ಮಾತ್ರ ತೆಗೆದುಕೊಳ್ಳಬೇಡ.

ಈಗ ಕ್ಲಾಸಿನ ವಿಷಯ. ಜ್ವರದಲ್ಲೂ ಕ್ಲಾಸಿಗೆ ಹೋಗುವುದನ್ನು ಧೈರ್ಯ ಅಂತ ಹೊಗಳುವವರಿದ್ದಾರೆ. ನಾನು ಹೊಗಳುವುದಿಲ್ಲ. ಕಾಯಿಲೆ ಶುರುವಾದ ಮೊದಲ ಮೂರು ದಿನ ಅದು ಅತಿ ಹೆಚ್ಚು ಹರಡುತ್ತದೆ. ನೀನು ಕೂತ ಬೆಂಚಿನಲ್ಲೇ ಆಸ್ತಮಾ ಇರುವ ಹುಡುಗ ಇರಬಹುದು. ಪಾಠ ಮಾಡುವ ಮೇಡಂ ಬಸುರಿಯಾಗಿರಬಹುದು. ನಿನ್ನ ರೂಮಿನಲ್ಲೇ ಇನ್‌ಹೇಲರ್ ಇಟ್ಟುಕೊಂಡವಳು ಇದ್ದಾಳಲ್ಲ. ನಿನಗೆ ವಾರದಲ್ಲಿ ಹೋಗುವ ಜ್ವರ ಅವಳಿಗೆ ನ್ಯುಮೋನಿಯಾ ತನಕ ಹೋಗಬಹುದು. ಮಾತ್ರೆ ನುಂಗದೆಯೇ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಹೊರಗೆ ಹೋಗು. ಮಾತ್ರೆ ನುಂಗಿ ಇಳಿದ ಜ್ವರ ಲೆಕ್ಕಕ್ಕಿಲ್ಲ.

ಹಾಜರಾತಿಯ ಭಯ ನನಗೆ ಅರ್ಥವಾಗುತ್ತದೆ. ಜ್ವರ ಬಂದ ಮಕ್ಕಳನ್ನು ಹಾಜರಾತಿಗಾಗಿ ಎದ್ದು ಬರುವಂತೆ ಮಾಡುವ ನಿಯಮ ಯಾವ ಕಾಲೇಜಿನಲ್ಲಿದ್ದರೂ ಅದು ತಪ್ಪೇ. ಒಬ್ಬಳಿಗೆ ಎರಡು ದಿನ ರಜೆ ಕೊಡದೆ ಇಡೀ ತರಗತಿಗೆ ಕಾಯಿಲೆ ಹಂಚಿದಂತಾಗುತ್ತದೆ. ನಿನ್ನ ಕೈಯಲ್ಲಿರುವುದು ಇಷ್ಟು: ಮೊದಲ ದಿನವೇ ಮೇಷ್ಟ್ರಿಗೆ ಮೆಸೇಜ್ ಮಾಡು, ಕಾಲೇಜಿನ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೋ. ನೋಟ್ಸ್ ಆಮೇಲೆ ಸಿಗುತ್ತದೆ.

ಕೈ ತೊಳೆಯುವುದು ನಿನಗೆ ಗೊತ್ತಿರುವುದೇ. ಸೋಪು ಹಾಕಿ 20 ಸೆಕೆಂಡಾದರೂ ಉಜ್ಜು. ಗಟ್ಟಿ ಮೇಲ್ಮೈಗಳ ಮೇಲೆ ಈ ವೈರಸ್ 48 ಗಂಟೆಯವರೆಗೂ ಉಳಿಯಬಹುದು, ಹಾಗಾಗಿ ಬಾಗಿಲ ಹಿಡಿಕೆ ಮುಟ್ಟಿದ ಕೈ ಮೂಗು ಕಣ್ಣಿಗೆ ಹೋಗದಿರಲಿ. ಕಿಟಕಿ ತೆರೆದಿಡಿ. ನೀರಿನ ಬಾಟಲಿ, ಟವೆಲ್ ಯಾರಿಗೂ ಕೊಡಬೇಡ. ರೂಮಿನಲ್ಲಿ ಯಾರಾದರೂ ಮಲಗಿದ್ದರೆ ಮಂಚಗಳನ್ನು ಆದಷ್ಟು ದೂರ ಸರಿಸಿ, ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ.

ಮಾತ್ರೆಗಳ ವಿಷಯದಲ್ಲಿ ನನಗೆ ಭಯ ಜಾಸ್ತಿ, ಯಾಕೆಂದರೆ ಹಾಸ್ಟೆಲ್‌ನಲ್ಲಿ ಎಲ್ಲರೂ ಎಲ್ಲರಿಗೂ ಡಾಕ್ಟರ್. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ನೆಗಡಿ ಮಾತ್ರೆಗಳಲ್ಲೂ ಹಲವು ಸಲ ಅದೇ ಸೇರಿರುತ್ತದೆ. ಎರಡನ್ನೂ ನುಂಗಿದರೆ ಗೊತ್ತಿಲ್ಲದೆ ದುಪ್ಪಟ್ಟಾಗಿ ಲಿವರ್‌ಗೆ ಪೆಟ್ಟು ಬೀಳುತ್ತದೆ. ಮಾತ್ರೆ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದು. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಅಷ್ಟೂ ಬೇಕಾಗುವುದು ಕಡಿಮೆ. ಆಸ್ಪಿರಿನ್ ಬೇಡವೇ ಬೇಡ. ಹದಿಹರೆಯದವರು ಫ್ಲೂನಲ್ಲಿ ಅದನ್ನು ನುಂಗಿದರೆ ಅಪರೂಪಕ್ಕೆ ರೈ ಸಿಂಡ್ರೋಮ್ ಅನ್ನುವ ಅಪಾಯದ ಕಾಯಿಲೆ ಬರುತ್ತದೆ. ಯಾರೋ ಉಳಿಸಿಟ್ಟ ಆಂಟಿಬಯೋಟಿಕ್ ಕೊಟ್ಟರೆ ತೆಗೆದುಕೊಳ್ಳಬೇಡ, ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಫ್ಲೂಗೇ ಅಂತ ಇರುವುದು ಒಸೆಲ್ಟಮಿವಿರ್ ತರಹದ ಔಷಧ. ಅದನ್ನು ಡಾಕ್ಟರ್ ಬರೆದುಕೊಡಬೇಕು, ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ನಿನ್ನ ಇನ್‌ಹೇಲರ್ ಗೆಳತಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಕರೆದುಕೊಂಡು ಹೋಗು.

ಮನೆಯಲ್ಲಾದರೆ ರಾತ್ರಿ ಎದ್ದು ನಿನ್ನ ಹಣೆ ಮುಟ್ಟಿ ನೋಡಲು ನಾನಿರುತ್ತೇನೆ. ಅಲ್ಲಿ ಬಾಗಿಲು ಹಾಕಿಕೊಂಡು ಮಲಗಿದರೆ ಯಾರಿಗೂ ತಿಳಿಯುವುದಿಲ್ಲ. ನನ್ನ ನಿಜವಾದ ಚಿಂತೆ ಇದು. ಅದಕ್ಕೆ ಈಗಲೇ, ಎಲ್ಲರೂ ಚೆನ್ನಾಗಿರುವಾಗಲೇ, ರೂಮಿನವರು ಕೂತು ಮಾತಾಡಿಕೊಳ್ಳಿ. ಯಾರು ಮಲಗಿದರೂ ಉಳಿದವರು ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಮಾತಾಡಿಸಬೇಕು. ನೀರು ಕುಡಿದಳಾ, ಮೂತ್ರಕ್ಕೆ ಹೋದಳಾ, ಮಾತು ಸರಿಯಾಗಿದೆಯಾ ಅಂತ ಕೇಳಬೇಕು. ನಾಚಿಕೆ ಬೇಡ.

ಉಸಿರಾಡಲು ಕಷ್ಟ, ಎದೆನೋವು, ಬಿಡದ ತಲೆಸುತ್ತು, ದಿನವಿಡೀ ಮೂತ್ರ ಆಗದಿರುವುದು, ತಡಬಡಿಸುವ ಮಾತು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಕಡಿಮೆಯಾದ ಜ್ವರ, ಕೆಮ್ಮು ಮತ್ತೆ ಜೋರಾಗಿ ತಿರುಗಿ ಬಂದರೂ ಹಾಗೆಯೇ. ಇನ್ನೊಂದು ಮಾತು ಮರೆಯಬೇಡ. ಮೆನಿಂಜೈಟಿಸ್, ಅಂದರೆ ಮೆದುಳಿನ ಸುತ್ತಲಿನ ಪೊರೆಗೆ ತಗಲುವ ಸೋಂಕು, ಅದು ಕೂಡ ಶುರುವಿನಲ್ಲಿ ಫ್ಲೂ ತರಹವೇ ಇರುತ್ತದೆ, ಹಾಸ್ಟೆಲ್‌ಗಳಂಥ ಕಡೆ ಹರಡುತ್ತದೆ, ಗಂಟೆಗಳಲ್ಲಿ ಕೆಡುತ್ತದೆ. ಕತ್ತು ಬಿಗಿಯುವುದು, ಬೆಳಕು ನೋಡಲಾಗದಿರುವುದು, ಗ್ಲಾಸಿನಿಂದ ಒತ್ತಿದರೂ ಮಾಸದ ಕೆಂಪು ಕಲೆಗಳು. ಇವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ನಡುರಾತ್ರಿಯಾದರೂ ವಾರ್ಡನ್ ಬಾಗಿಲು ಬಡಿಯಿರಿ. ಬೈದರೆ ಬೈಯಲಿ.

ಥರ್ಮಾಮೀಟರ್ ಕಳಿಸುತ್ತಿದ್ದೇನೆ. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬರೆದಿಟ್ಟುಕೋ, ಡಾಕ್ಟರ್ ಕೇಳುತ್ತಾರೆ. ರೂಮಿನವರೆಲ್ಲರ ನಂಬರ್ ನನಗೆ ಕಳಿಸು, ನನ್ನ ನಂಬರ್ ಅವರಿಗೂ ಕೊಡು. ಈ ವಾರ ಬಿಡುವು ಮಾಡಿಕೊಂಡು ಲಸಿಕೆ ಹಾಕಿಸಿಕೋ, ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗು.

ನಿನ್ನ
ಅಮ್ಮ