ಚಿತ್ರ ಅಂಗಡಿಯಲ್ಲೇ ಉಳಿಯುತ್ತದೆ, ಸಿಗರೇಟ್ ಮಾತ್ರ ಕೈಗೆ ಬರುತ್ತದೆ

ಮಾನ್ಯರೇ,

ಸಿಗರೇಟ್ ಪ್ಯಾಕಿನ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗಕ್ಕೆ ರೋಗದ ಚಿತ್ರವಿರುವ ಎಚ್ಚರಿಕೆ ಬಂದದ್ದು 2016ರ ಏಪ್ರಿಲ್ 1ರಿಂದ. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ನಿಯಮ ಉಳಿಯಿತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಚಿತ್ರ ತುಮಕೂರಿನ ಬಹಳಷ್ಟು ಧೂಮಪಾನಿಗಳ ಕೈ ಸೇರುವುದೇ ಇಲ್ಲ. ಬಿ.ಎಚ್. ರಸ್ತೆಯ ಟೀ ಅಂಗಡಿಯಾಗಲಿ, ಬಸ್ ನಿಲ್ದಾಣದ ಸುತ್ತಲಿನ ಪೆಟ್ಟಿಗೆ ಅಂಗಡಿಯಾಗಲಿ, ಹಾಸ್ಟೆಲ್ ಪಕ್ಕದ ಬೇಕರಿಯಾಗಲಿ, ನಡೆಯುವುದು ಬಿಡಿ ಸಿಗರೇಟಿನ ವ್ಯಾಪಾರ.

ಬಿಡಿ ಮಾರಾಟವನ್ನು ಬರೀ ಕಾಸಿನ ಪ್ರಶ್ನೆಯೆಂದು ನೋಡುವವರೇ ಹೆಚ್ಚು. ದಿನಕ್ಕೆ ಹತ್ತು ಸೇದುವವನ ಜೇಬಿನಲ್ಲಿ ಪ್ಯಾಕ್ ಇದ್ದರೆ ವರ್ಷಕ್ಕೆ 3,650 ಸಲ ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅಷ್ಟೂ ಸಲ ಆ ಚಿತ್ರ, ‘ಇಂದೇ ಬಿಡಿ’ ಎನ್ನುವ ಸಾಲು, 1800-11-2356 ಎಂಬ ಸಹಾಯವಾಣಿ ಸಂಖ್ಯೆ ಕಣ್ಣಿಗೆ ಬೀಳುತ್ತವೆ. ಅದೇ ಹತ್ತನ್ನು ಒಂದೊಂದಾಗಿ ಕೊಂಡರೆ ಒಂದು ಸಲವೂ ಬೀಳದಿರಬಹುದು. ಈ ಎಚ್ಚರಿಕೆಗೆ ಬೆಲೆಯಿಲ್ಲ ಎನ್ನುವಂತೆಯೂ ಇಲ್ಲ. 2009-10ರಲ್ಲಿ ಭಾರತದಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟ್ ಸೇದುವವರ ಪೈಕಿ ಶೇ 38 ಮಂದಿ, ಪ್ಯಾಕ್ ಮೇಲಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದ್ದರು. ಚಿತ್ರ ದೊಡ್ಡದಾದ ಬಳಿಕ, 2016-17ರಲ್ಲಿ, ಆ ಪ್ರಮಾಣ ಶೇ 61.9ಕ್ಕೆ ಏರಿತು. ಬೀಡಿ ಸೇದುವವರಲ್ಲಿ ಅದು ಶೇ 53.8.

ಇನ್ನು ಅಂಗಡಿಯಲ್ಲಿರುವ ಪ್ಯಾಕನ್ನೇ ನೋಡಿ. ನಿಯಮ ಅನ್ವಯವಾಗುವುದು ಮುಂದಿನ ಮತ್ತು ಹಿಂದಿನ ಮುಖಕ್ಕೆ. ಎರಡು ಪಕ್ಕ, ತಲೆ, ತಳ ಕಂಪನಿಯ ಬಣ್ಣಕ್ಕೇ ಬಿಟ್ಟದ್ದು. ಪ್ಯಾಕ್‌ಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಪಕ್ಕವನ್ನೋ ತಲೆಯನ್ನೋ ಗಿರಾಕಿಯ ಕಡೆ ತಿರುಗಿಸಿದರೆ ಕಾಣುವುದು ಬ್ರ್ಯಾಂಡ್ ಮಾತ್ರ. ಕಿಂಗ್ ಸೈಜ್ ಪ್ಯಾಕಿನ ಎತ್ತರ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ. ಶೇ 85 ಬಿಟ್ಟರೆ ಮುಂಭಾಗದಲ್ಲಿ ಕಂಪನಿಗೆ ಉಳಿಯುವುದು ಒಂದೂಕಾಲು ಸೆಂಟಿಮೀಟರ್ ಪಟ್ಟಿ. ಹೊಳಪು ಬಣ್ಣ, ಉಬ್ಬು ಅಕ್ಷರ, ಲಾಂಛನ ಎಲ್ಲವನ್ನೂ ಅಲ್ಲೇ ತುಂಬುತ್ತಾರೆ. ಮುಚ್ಚಳ ಹಿಂದಕ್ಕೆ ಮಡಚಿದಾಗ ಮುಂದಿನ ಚಿತ್ರ ಎರಡು ತುಂಡಾಗಿ, ಮೇಲಿನ ತುಂಡು ಕಣ್ಣಿಂದ ಮರೆಯಾಗುತ್ತದೆ. ಆಗ ಎದುರಿಗೆ ಇರುವುದು ಬೆಳ್ಳಿ ಹಾಳೆ ಮತ್ತು ಸಾಲಾಗಿ ಕೂತ ಫಿಲ್ಟರ್‌ಗಳು. ಇಪ್ಪತ್ತರ ಪ್ಯಾಕನ್ನು ದಿನವಿಡೀ ತೆರೆದಿಟ್ಟು ಬಿಡಿ ಮಾರುವ ಅಂಗಡಿಯಲ್ಲಿ ಗಿರಾಕಿ ನೋಡುವುದು ಇದನ್ನೇ.

ಬಣ್ಣ ಮಾಡುವ ಮೋಸ ಇನ್ನೂ ಆಳದ್ದು. ‘ಲೈಟ್’, ‘ಮೈಲ್ಡ್’ ಎಂಬ ಪದಗಳನ್ನು ಯುರೋಪ್ 2003ರಲ್ಲಿ, ಅಮೆರಿಕ 2010ರಲ್ಲಿ ನಿಷೇಧಿಸಿದಾಗ ಕಂಪನಿಗಳು ಹೆಸರು ಬಿಟ್ಟು ಬಣ್ಣ ಹಿಡಿದವು. ಮಾರ್ಲ್‌ಬೊರೊ ಲೈಟ್ಸ್ ಹೋಗಿ ಮಾರ್ಲ್‌ಬೊರೊ ಗೋಲ್ಡ್ ಬಂತು. ಬಿಳಿ, ಬೆಳ್ಳಿ, ತಿಳಿನೀಲಿ ಪ್ಯಾಕ್ ಕಂಡರೆ ಒಳಗಿರುವುದು ಸೌಮ್ಯ ಎಂದು ಜನ ಭಾವಿಸುತ್ತಾರೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ‘ಲೈಟ್’ ಎಂದು ಮಾರಿದ ಸಿಗರೇಟಿನಲ್ಲಿ ಇದ್ದದ್ದು ಫಿಲ್ಟರ್ ಸುತ್ತ ಕೊರೆದ ಸೂಜಿಮೊನೆಯಷ್ಟು ತೂತುಗಳು. ಪರೀಕ್ಷೆಯ ಯಂತ್ರ ಎಳೆದಾಗ ಅವುಗಳಿಂದ ಗಾಳಿ ಸೇರಿ ಟಾರ್ (ಹೊಗೆಯಲ್ಲಿನ ವಿಷಕಾರಿ ಜಿಡ್ಡು) ಕಡಿಮೆ ತೋರುತ್ತದೆ. ಮನುಷ್ಯ ಸೇದುವಾಗ ತುಟಿ, ಬೆರಳು ಆ ತೂತುಗಳನ್ನು ಮುಚ್ಚುತ್ತವೆ; ನಿಕೋಟಿನ್ ಸಾಲದೆ ಇನ್ನಷ್ಟು ಆಳವಾಗಿ ದಮ್ಮು ಎಳೆಯುತ್ತಾನೆ. ಶ್ವಾಸಕೋಶಕ್ಕೆ ಉಳಿತಾಯ ಏನೂ ಇಲ್ಲ. ಈಗ ಹುಡುಗರು ಕೇಳುವುದು ಫಿಲ್ಟರ್ ಒಳಗಿನ ಗುಳಿಗೆಯನ್ನು ಚಿಟಕ್ಕೆಂದು ಒಡೆಯುವ ಮೆಂಥಾಲ್ ಸಿಗರೇಟು. ಗಂಟಲಿನ ಉರಿ ಆ ತಂಪಿನಲ್ಲಿ ಮುಚ್ಚಿಹೋಗುತ್ತದೆ. ಹೊಸದಾಗಿ ಶುರು ಮಾಡಿದವನನ್ನು ಕೆಮ್ಮಿಸಿ ತಡೆಯಬೇಕಾದ ಉರಿಯೇ ಅದು.

ಚಿತ್ರದ ಬಗ್ಗೆಯೂ ನಮಗೆ ತಕರಾರಿದೆ. 2009ರಲ್ಲಿ ಜಗಿಯುವ ತಂಬಾಕಿನ ಮೇಲೆ ಚೇಳನ್ನು ಮುದ್ರಿಸಿದ್ದರು. ಅದು ಏನು ಹೇಳುತ್ತಿದೆ ಎಂದೇ ಎಷ್ಟೋ ಜನರಿಗೆ ತಿಳಿಯಲಿಲ್ಲ. ಈಗಿನ ಚಿತ್ರಗಳು ಸ್ಪಷ್ಟವಾಗಿವೆ, ಆದರೆ ಬಾಯಿ, ಗಂಟಲ ಗೆಡ್ಡೆಯ ಸುತ್ತಲೇ ಸುತ್ತುತ್ತವೆ. ಸಿಗರೇಟ್ ಸೇದುವವನು ಅದನ್ನು ನೋಡಿ ‘ಇದು ಗುಟ್ಕಾ ತಿನ್ನೋರಿಗೆ ಬರೋದು’ ಎಂದು ಪಕ್ಕಕ್ಕಿಡುತ್ತಾನೆ. ಹೃದಯಾಘಾತ, ಪಾರ್ಶ್ವವಾಯು, ಕಾಲಿನ ರಕ್ತನಾಳ ಕಟ್ಟಿ ಬೆರಳು ಕಪ್ಪಾಗುವುದು ಅವನ ಲೆಕ್ಕಕ್ಕೇ ಬರುವುದಿಲ್ಲ. ಒಂದು ಚಿತ್ರ ಹನ್ನೆರಡು ತಿಂಗಳು ಓಡುತ್ತದೆ. ಅಷ್ಟರಲ್ಲಿ ಕಣ್ಣಿಗೆ ಒಗ್ಗಿಹೋಗಿರುತ್ತದೆ. ಭಾಷೆಯ ಕಂಟಕ ಬೇರೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಯ 9ನೇ ಕಲಂ ಪ್ರಕಾರ ಎಚ್ಚರಿಕೆ ಯಾವ ಭಾಷೆಯಲ್ಲಿ ಇರಬೇಕೆಂಬುದನ್ನು ಪ್ಯಾಕ್ ಮೇಲೆ ಬಳಸಿದ ಭಾಷೆಯೇ ತೀರ್ಮಾನಿಸುತ್ತದೆ. ಕನ್ನಡದಲ್ಲಿ ಏನನ್ನೂ ಮುದ್ರಿಸದ ಕಂಪನಿ ಎಚ್ಚರಿಕೆಯನ್ನೂ ಕನ್ನಡದಲ್ಲಿ ಕೊಡಬೇಕಾಗಿಲ್ಲ.

ಆಸ್ಟ್ರೇಲಿಯಾ 2012ರ ಡಿಸೆಂಬರ್ 1ರಿಂದ ಎಲ್ಲ ಬ್ರ್ಯಾಂಡಿನ ಪ್ಯಾಕ್‌ಗೂ ಒಂದೇ ಮಂಕು ಕಂದು ಬಣ್ಣ, ಒಂದೇ ಅಕ್ಷರ ಶೈಲಿ ಕಡ್ಡಾಯ ಮಾಡಿತು. ಕೆನಡಾ 2023ರ ಆಗಸ್ಟ್‌ನಲ್ಲಿ ಜಾರಿಗೆ ತಂದ ನಿಯಮದಿಂದ ಒಂದೊಂದು ಸಿಗರೇಟಿನ ಫಿಲ್ಟರ್ ಕಾಗದದ ಮೇಲೂ ‘ಪ್ರತಿ ದಮ್ಮಿನಲ್ಲೂ ವಿಷ’ ಎಂಬಂಥ ಸಾಲು ಬಂದಿದೆ. ಬಿಡಿ ಮಾರಾಟ ಇಷ್ಟು ಬೇರುಬಿಟ್ಟಿರುವ ನಮ್ಮ ದೇಶಕ್ಕೆ ಮೊದಲು ಬೇಕಾದದ್ದು ಈ ಎರಡನೆಯದು, ಅದೂ ಆಯಾ ರಾಜ್ಯದ ಭಾಷೆಯಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯ ಮುಂದಿನ ನಿಯಮದಲ್ಲೇ ಇದನ್ನು ಸೇರಿಸಬೇಕು.

ಜಿಲ್ಲೆಯ ಮಟ್ಟದಲ್ಲಿ ಕಾಯಬೇಕಾದ್ದೇನೂ ಇಲ್ಲ. ಆ 2003ರ ಕಾಯ್ದೆಗೆ ರಾಜ್ಯ ತಂದ 2024ರ ಕರ್ನಾಟಕ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದಿದೆ. ಬಿಡಿ ಮಾರಾಟ ನಿಷಿದ್ಧ, 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಶಾಲಾ ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ತಪಾಸಣೆಗೆ ಹೋಗುವವರು ತೆರೆದ ಪ್ಯಾಕ್ ಹುಡುಕುತ್ತಾರೆ. ಜೀಪು ಕಂಡೊಡನೆ ಅದು ಡ್ರಾಯರ್ ಸೇರುತ್ತದೆ. ಅಂಗಡಿಯ ಕಂಬಕ್ಕೆ ದಾರದಲ್ಲಿ ನೇತುಹಾಕಿದ ಲೈಟರ್ ಅಷ್ಟು ಬೇಗ ಬಚ್ಚಿಡಲು ಬರುವುದಿಲ್ಲ. ಅದು ಇದ್ದಲ್ಲಿ ಒಂಟಿ ಸಿಗರೇಟ್ ಮಾರಾಟವಾಗುತ್ತಿದೆ ಎಂದೇ ತಿಳಿಯಿರಿ. ಕಾಲಡಿ ಬಿದ್ದ ತುಂಡುಗಳನ್ನೂ ಖಾಲಿ ಪ್ಯಾಕ್‌ಗಳನ್ನೂ ಹೋಲಿಸಿ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ. ಸಣ್ಣ ಅಂಗಡಿಯವರನ್ನು ಗೋಳಾಡಿಸುವುದು ನಮ್ಮ ಉದ್ದೇಶವಲ್ಲ. ಬಿಡಿಯಲ್ಲಿ ಪ್ರತಿ ಸಿಗರೇಟಿಗೆ ಒಂದೆರಡು ರೂಪಾಯಿ ಮೇಲೆ ಸಿಗುತ್ತದೆ, ಟೀ ಗಿರಾಕಿ ಸಿಗರೇಟಿಗಾಗಿಯೇ ಬರುತ್ತಾನೆ. ಅವರ ಕಷ್ಟ ನಿಜ. ಹಾಗಾಗಿ ಒಂದೇ ರಸ್ತೆಯ ಎಲ್ಲ ಅಂಗಡಿಗಳಿಗೂ ಒಂದೇ ದಿನ ತಿಳಿವಳಿಕೆ ಕೊಟ್ಟು, ವಾರದೊಳಗೆ ಮತ್ತೆ ಹೋಗಬೇಕು. ಒಬ್ಬನಿಗೆ ದಂಡ ಹಾಕಿ ಪಕ್ಕದವನನ್ನು ಬಿಟ್ಟರೆ ಗಿರಾಕಿ ಹತ್ತು ಹೆಜ್ಜೆ ಆಚೆ ನಡೆಯುತ್ತಾನೆ, ಅಷ್ಟೇ.

ಜಿಲ್ಲಾ ತಂಬಾಕು ನಿಯಂತ್ರಣ ಘಟಕ ಈ ಕೆಲಸವನ್ನು ಬಿ.ಎಚ್. ರಸ್ತೆಯ ಕಾಲೇಜುಗಳ ಆಸುಪಾಸಿನಿಂದಲೇ ಶುರು ಮಾಡಲಿ. ಸಹಾಯವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸಿ ಪ್ರತಿ ಅಂಗಡಿಯ ಮುಂದೆ ಅಂಟಿಸಲಿ. ಕರೆ ಉಚಿತ, ಆಪ್ತಸಲಹೆ ಕನ್ನಡದಲ್ಲೂ ಸಿಗುತ್ತದೆ.

– ತಂಬಾಕು ನಿಯಂತ್ರಣ ಕ್ಷೇತ್ರದ ಕಾರ್ಯಕರ್ತರು, ತುಮಕೂರು