ಟಾಕೀಸಿನ ನಕ್ಷೆ ಮುಗಿಯಿತು

ನಮ್ಮೂರ ಟಾಕೀಸಿನ ಅಳತೆ, ನಕ್ಷೆ, ಫೋಟೊ ಎಲ್ಲ ಮುಗಿದಿವೆ. ಕಟ್ಟಡ ಈಗಿಲ್ಲ. ಯಾರು ಕೊಂಡರು, ಏಕೆ ಕೆಡವಿದರು ಅನ್ನೋದು ಇಲ್ಲಿ ಬೇಡ, ಬಿಡಿ. ಟೇಪು ಹಿಡಿದ ಗೆಳೆಯರಿಗೆ, ಏಣಿ ಕೊಟ್ಟ ಶಾಮಿಯಾನದವರಿಗೆ, 1964ರ ಸಿನಿಮಾ ಕಾಯ್ದೆಯಡಿ ಸಿಕ್ಕ ಲೈಸೆನ್ಸಿನ ಕಾಗದ ಹುಡುಕಿಕೊಟ್ಟ ಮಾಲೀಕರ ಮಗಳಿಗೆ ಥ್ಯಾಂಕ್ಸ್.

ಉಳಿದ ಥ್ಯಾಂಕ್ಸೆಲ್ಲ ಇಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್ ಮಾಮನಿಗೆ.

ಗೋಡೆ ಕೆಡವುವ ಹಿಂದಿನ ರಾತ್ರಿ ಜೋರು ಮಳೆ. ಚಾವಣಿಯ ಶೀಟು ಆಗಲೇ ಬಿಚ್ಚಿದ್ದರು. ಪ್ರೊಜೆಕ್ಟರ್ ರೂಮಿನ ಅಳತೆ ಮಾತ್ರ ಬಾಕಿ. ಎಲ್ಲರೂ ಮನೆಗೆ ಹೋದರು, ಮಾಮ ಹೋಗಲಿಲ್ಲ. ಕೊಡೆ, ಟಾರ್ಚು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬೆಳಗಿನವರೆಗೂ ಜೊತೆಗಿದ್ದರು.

ಈ ರೂಮಿಗೆ ಮಾತ್ರ ಆರ್‌ಸಿಸಿ ತಾರಸಿ ಏಕೆ, ಸಿನಿಮಾ ಹಾಲಿನ ಒಳಗಿಂದ ಬಾಗಿಲೇ ಏಕಿಲ್ಲ ಅಂತ ಕೇಳಿದೆ. ಬೆಂಕಿ ಭಯ, ಎಂದರು. ಹಿಂದಿನ ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತಿತ್ತು. 1950ರ ದಶಕದಲ್ಲಿ ಸುಲಭಕ್ಕೆ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮು ಬಂದು ಅದು ಹೋಯಿತು, ಕಟ್ಟುವ ರೀತಿ ಮಾತ್ರ ಹಾಗೇ ಉಳಿಯಿತು. ತೆರೆಯ ಕಡೆಗಿನ ಕಿಂಡಿಗಳಿಗೆ ಕಬ್ಬಿಣದ ಷಟರು. ಬಿಸಿಗೆ ಕರಗುವ ಒಂದು ತುಂಡು ಅದನ್ನು ಎತ್ತಿ ಹಿಡಿದಿರುತ್ತದೆ. ಅದು ಕರಗಿದರೆ ಷಟರು ತಾನೇ ಬೀಳಬೇಕು. ತಾರಸಿಯ ತೂತು ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಯ ಹೊಗೆಗೆ. ಕಡ್ಡಿ ಉರಿದು ಸವೆದಂತೆ ಹತ್ತಿರ ತರುತ್ತಿರಬೇಕು. ಇಲ್ಲದಿದ್ದರೆ ತೆರೆ ಮಂಕು, ಗಾಂಧಿ ಕ್ಲಾಸಿನಿಂದ ಸಿಳ್ಳೆ! ರೀಲು ಮುಗಿಯುವ ಹೊತ್ತಿಗೆ ತೆರೆಯ ಬಲ ಮೂಲೆಯಲ್ಲಿ ಚುಕ್ಕಿ ಮಿಂಚಿತೋ, ಎರಡನೇ ಮೆಷಿನ್ನಿಗೆ ಬದಲಿಸಬೇಕು.

"ನಾನೆಲ್ಲಿ ಸಿನಿಮಾ ನೋಡ್ದೆ? ಬರೀ ಚುಕ್ಕಿ ನೋಡಿದ್ದು" ಅಂತ ನಕ್ಕರು. ಡಿಜಿಟಲ್ ಬಂದ ಮೇಲೆ ರೀಲಿನ ಡಬ್ಬ ಬರುವುದು ನಿಂತಿತು. ಅವರ ಕೆಲಸವೂ ಹೋಯಿತು. ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ.

ಅದಕ್ಕೂ ಮೊದಲು ಗೇಟಿನ ಅಳತೆಗೆ ಹೋದಾಗ ನನ್ನ ಕೈಲಾಗಲಿಲ್ಲ. ಅಪ್ಪ ಟಿಕೆಟ್ ಹರಿಯುತ್ತಾ ನಿಲ್ಲುತ್ತಿದ್ದ ಜಾಗ. ಅಪ್ಪ ತೀರಿಕೊಂಡಾಗಲೂ ಬಾರದ ಅಳು ಅಲ್ಲಿ ಬಂತು. ಮಣ್ಣಲ್ಲೇ ಕೂತುಬಿಟ್ಟೆ. ಇಷ್ಟು ಹಾಳೆ ಬರೆದು ಯಾರಿಗೆ ಏನು ಸಿಗುತ್ತೆ ಅನ್ನಿಸಿತು. ಮಾಮ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಸುಮ್ನೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಟೇಪಿನ ಒಂದು ತುದಿ ಹಿಡಿದು, "ಅಗಲ ಬರ್ಕೊ" ಎಂದರು. ಬರೆದುಕೊಂಡೆ.

ನಕ್ಷೆಗಳ ಒಂದು ಪ್ರತಿ ಊರಿನ ಲೈಬ್ರರಿಯಲ್ಲಿದೆ, ಹೋಗಿ ನೋಡಿ. ಅಳತೆ ತೆಗೆದವರ ಸಾಲಿನಲ್ಲಿ ಮಾಮನ ಹೆಸರನ್ನೇ ಮೊದಲು ಹಾಕಿದ್ದೇನೆ. ಬೇಡ ಎಂದರು, ನಾನು ಕೇಳಲಿಲ್ಲ.